ಗಡಿಯ ತೂಬು: ದುಡಿಮೆಯ ಮಾರುಕಟ್ಟೆ ಮತ್ತು ವಲಸೆಯ ಕಾನೂನು



ಪರದೇಶಕ್ಕೆ ದುಡಿಯಲು ಹೋಗುವವರ ವಿಷಯ ಬಂದಾಗಲೆಲ್ಲ ಚರ್ಚೆ ಒಂದೇ ಲೆಕ್ಕಕ್ಕೆ ಬಂದು ನಿಲ್ಲುತ್ತದೆ: ಎಷ್ಟು ಜನರನ್ನು ಒಳಗೆ ಬಿಡಬೇಕು? ಬಾಗಿಲು ಭದ್ರಪಡಿಸಿ ಎನ್ನುವವರೂ ತೆರೆದಿಡಿ ಎನ್ನುವವರೂ ನೋಡುವುದು ಹೊಸ್ತಿಲನ್ನೇ. ಇವತ್ತಿನ ಉಪನ್ಯಾಸದಲ್ಲಿ ಹೊಸ್ತಿಲು ದಾಟಿದ ಮೇಲಿನ ಮಾತನ್ನು ಎತ್ತಿಕೊಳ್ಳುತ್ತೇನೆ. ಒಳಗೆ ಬಂದ ಕೆಲಸಗಾರ ತನಗೆ ಸರಿಬೀಳದ ಧಣಿಯನ್ನು ಬಿಟ್ಟು ಇನ್ನೊಬ್ಬರ ಬಳಿ ಸೇರಬಲ್ಲನೆ? ಕೆಲಸ ಬಿಟ್ಟ ಮರುದಿನವೂ ಆ ನೆಲದ ಮೇಲೆ ನಿಲ್ಲುವ ಹಕ್ಕು ಅವನಿಗಿದೆಯೆ? ಕಳೆದ ಒಂದೂವರೆ ಶತಮಾನದ ವಲಸೆ ಕಾನೂನುಗಳನ್ನು ಈ ಎರಡು ಪ್ರಶ್ನೆ ಹಿಡಿದು ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಗಡಿಯ ಕಾನೂನು ದುಡಿಮೆಯ ಮಾರುಕಟ್ಟೆಯ ಒಂದು ಅಂಗ ಎಂಬುದು ನನ್ನ ವಾದ. ಎಷ್ಟು ಜನ ಬರುತ್ತಾರೆ ಎಂಬುದನ್ನು ಅದು ಅಷ್ಟಿಷ್ಟು ನಿರ್ಧರಿಸಬಹುದು. ಬಂದವರು ಎಷ್ಟು ಅಸಹಾಯಕರಾಗಿ ದುಡಿಯಬೇಕು ಎಂಬುದನ್ನಂತೂ ಖಚಿತವಾಗಿ ನಿರ್ಧರಿಸುತ್ತದೆ.

ನಮ್ಮ ಕೆರೆಗಳನ್ನು ನೆನೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಏರಿ ಕಟ್ಟಿದ್ದು ನೀರು ನಿಲ್ಲಿಸಲು ಎಂದರೆ ಅರ್ಧ ಮಾತಾಯಿತು. ನಿಂತ ನೀರನ್ನು ಬೇಕಾದ ಹಂಗಾಮಿನಲ್ಲಿ ಬೇಕಾದಷ್ಟೇ ಗದ್ದೆಗೆ ಬಿಡಲು ತೂಬು ಇದೆ, ತೂಬು ಎತ್ತಲು ನೀರಗಂಟಿ ಇದ್ದಾನೆ. ಏರಿಯ ಎತ್ತರವನ್ನಷ್ಟೇ ಅಳೆದು ಹೋದವನಿಗೆ ಕೆರೆ ಅರ್ಥವಾಗುವುದಿಲ್ಲ. ತೂಬು ಯಾವಾಗ ಎದ್ದಿತು, ಯಾರ ಅಚ್ಚುಕಟ್ಟಿಗೆ ಎದ್ದಿತು ಎಂದು ಕೇಳಬೇಕು. ಗಡಿಯ ವಿಷಯದಲ್ಲೂ ಗೋಡೆಯ ಎತ್ತರ, ಮುಳ್ಳುತಂತಿಯ ಉದ್ದ, ಕಾವಲುಗಾರರ ಸಂಖ್ಯೆ ಸುದ್ದಿಯಾಗುತ್ತವೆ. ತೂಬಿನ ಕಥೆ ಕಡತಗಳೊಳಗೆ ಉಳಿದುಬಿಡುತ್ತದೆ.

ದುಡಿಯುವ ಕೈ ಕಡಿಮೆಯಾದಾಗ ಕಾನೂನು ಆ ಕೈಗಳನ್ನು ಕಟ್ಟಿಹಾಕಲು ನೋಡುವುದು ಬಹಳ ಹಳೆಯ ಕ್ರಮ. ಹದಿನಾಲ್ಕನೆಯ ಶತಮಾನದ ಮಹಾಪ್ಲೇಗಿನಲ್ಲಿ ಇಂಗ್ಲೆಂಡಿನ ಜನಸಂಖ್ಯೆ ಕುಸಿದು ಕೂಲಿ ಏರತೊಡಗಿದಾಗ, 1351ರ ಶಾಸನ ಕೂಲಿಯನ್ನು ಪ್ಲೇಗಿನ ಹಿಂದಿನ ಮಟ್ಟಕ್ಕೆ ಇಳಿಸಿ, ಹೆಚ್ಚಿನ ಕೂಲಿ ಹುಡುಕಿ ಊರು ಬಿಡುವುದನ್ನು ಅಪರಾಧ ಮಾಡಿತು. ಇಪ್ಪತ್ತನೆಯ ಶತಮಾನದಲ್ಲಿ ಯೋಜಿತ ಅರ್ಥವ್ಯವಸ್ಥೆಗಳು ಇದೇ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದವು. ಸೋವಿಯತ್ ಒಕ್ಕೂಟ 1932ರಲ್ಲಿ ಒಳನಾಡಿನ ಪಾಸ್‌ಪೋರ್ಟ್ ತಂದಾಗ ಸಾಮೂಹಿಕ ಕೃಷಿಕ್ಷೇತ್ರಗಳ ರೈತರನ್ನು ಹೊರಗಿಟ್ಟಿತು. 1974ರ ಆದೇಶದವರೆಗೂ ಆ ಕಾಗದ ಅವರಿಗೆ ಹಕ್ಕಾಗಿ ಸಿಗಲಿಲ್ಲ. ಪೂರ್ವ ಜರ್ಮನಿಯಿಂದ 1949ರಿಂದ 1961ರವರೆಗೆ ಸುಮಾರು 27 ಲಕ್ಷ ಜನ ಪಶ್ಚಿಮಕ್ಕೆ ಹೋದರು, ಅವರಲ್ಲಿ ಬಹಳ ಮಂದಿ ದುಡಿಯುವ ವಯಸ್ಸಿನವರು. ಆ ಸೋರಿಕೆ ನಿಲ್ಲಿಸಲು 1961ರ ಆಗಸ್ಟ್ 13ರಂದು ಬರ್ಲಿನ್ ಗೋಡೆ ಏಳತೊಡಗಿತು. ಇದಾದ ಹನ್ನೊಂದು ವಾರಗಳಿಗೆ, ಅಕ್ಟೋಬರ್ 30ರಂದು, ಪಶ್ಚಿಮ ಜರ್ಮನಿ ಕೆಲಸಗಾರರನ್ನು ಕರೆಸಿಕೊಳ್ಳಲು ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಪೂರ್ವದಿಂದ ಬರುತ್ತಿದ್ದ ಕೈಗಳು ನಿಂತುಹೋದದ್ದು ದಕ್ಷಿಣದಿಂದ ಕೈಗಳನ್ನು ತರಿಸುವ ಅಗತ್ಯವನ್ನು ಹೆಚ್ಚಿಸಿತು. ಅಪ್ಪಣೆಯ ಅರ್ಥವ್ಯವಸ್ಥೆ ಹೊರಹೋಗುವ ದಾರಿ ಕಾಯಿತು, ಮಾರುಕಟ್ಟೆಯ ಅರ್ಥವ್ಯವಸ್ಥೆ ಒಳಬರುವ ದಾರಿ ಕಾಯಿತು. ದುಡಿಯುವವನ ನಡೆಯನ್ನು ದುಡಿಸಿಕೊಳ್ಳುವವರ ಅಗತ್ಯಕ್ಕೆ ಹೊಂದಿಸುವ ಕೆಲಸ ಎರಡೂ ಕಡೆ ನಡೆಯಿತು.

ಊರಿನಲ್ಲೇ ನಿರುದ್ಯೋಗಿಗಳಿರುವಾಗ ಮಾರುಕಟ್ಟೆಗೆ ಹೊರಗಿನವರೇ ಏಕೆ ಬೇಕು? ಅರ್ಥಶಾಸ್ತ್ರಜ್ಞ ಮೈಕೇಲ್ ಪಿಯೋರ್ 1979ರಲ್ಲಿ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಗಟ್ಟಿಯಾಗಿದೆ. ಕೈಗಾರಿಕಾ ದೇಶಗಳಲ್ಲಿ ಕೆಲಸಗಳು ಎರಡು ಅಂತಸ್ತಿನಲ್ಲಿರುತ್ತವೆ. ಮೇಲಿನದರಲ್ಲಿ ಭದ್ರತೆ, ಬಡ್ತಿ, ಮರ್ಯಾದೆ; ಕೆಳಗಿನದರಲ್ಲಿ ಅನಿಶ್ಚಿತತೆ, ಕಡಿಮೆ ಸಂಬಳ, ಕೀಳೆಂಬ ಹಣೆಪಟ್ಟಿ. ಊರಿನವನು ಕೆಳಗಿನ ಕೆಲಸ ಹಿಡಿದರೆ ನೆರೆಹೊರೆಯಲ್ಲಿ ಅವನ ಸ್ಥಾನ ಕುಸಿಯುತ್ತದೆ. ಹೊರಗಿನಿಂದ ಬಂದವನ ಮಾನ-ಸ್ಥಾನಗಳು ಅವನ ಊರಿನಲ್ಲಿವೆ. ಇಲ್ಲಿ ಸಿಗುವುದು ಬರೀ ಹಣ. ಇದಕ್ಕೂ ಮೂರು ವರ್ಷ ಮೊದಲು ಸಮಾಜಶಾಸ್ತ್ರಜ್ಞ ಮೈಕೇಲ್ ಬುರಾವೊಯ್ ಕ್ಯಾಲಿಫೋರ್ನಿಯದ ಹೊಲಗಳನ್ನೂ ದಕ್ಷಿಣ ಆಫ್ರಿಕದ ಗಣಿಗಳನ್ನೂ ಹೋಲಿಸಿ ಇನ್ನೊಂದು ಅಂಶ ತೋರಿಸಿದ್ದರು. ಕೆಲಸಗಾರನನ್ನು ಹೆತ್ತು, ಸಾಕಿ, ಓದಿಸಿ ಇಪ್ಪತ್ತು ವರ್ಷಕ್ಕೆ ತಂದು ನಿಲ್ಲಿಸುವ ಖರ್ಚು ಅವನ ಹಳ್ಳಿಯದು. ಮೈಯಲ್ಲಿ ಕಸುವಿರುವಷ್ಟು ಕಾಲ ದುಡಿಮೆಯ ಲಾಭ ಬೇರೆ ನೆಲದ್ದು. ಕಾಯಿಲೆ ಬಿದ್ದಾಗ, ಮುಪ್ಪಾದಾಗ ಅವನನ್ನು ನೋಡಿಕೊಳ್ಳುವ ಹೊಣೆ ಮತ್ತೆ ಹಳ್ಳಿಗೆ. ಈ ಲೆಕ್ಕ ಕೂಡಿಬರಬೇಕಾದರೆ ಅವನು ಬರಬೇಕು, ಬೇರೂರಬಾರದು. ಮಾರುಕಟ್ಟೆ ಒಂದೇ ಇದನ್ನು ಸಾಧಿಸಲಾರದು. ಕುಟುಂಬವನ್ನು ಗಡಿಯಾಚೆ ಇಡುವ, ಅವಧಿ ಮುಗಿದಾಗ ಕಳಿಸುವ ಕಾನೂನು ಬೇಕೇ ಬೇಕು.

ಈ ಕಾನೂನು ಹೇಗೆ ರೂಪುಗೊಂಡಿತು ಎಂಬುದಕ್ಕೆ ಅಮೆರಿಕದಷ್ಟು ವಿವರವಾದ ದಾಖಲೆ ಇನ್ನೊಂದು ದೇಶದಲ್ಲಿ ಸಿಗುವುದು ಕಷ್ಟ. ಪೆಸಿಫಿಕ್ ತೀರದ ರೈಲುದಾರಿಗೆ ಬೆಟ್ಟ ಒಡೆಯಲು ಸಾವಿರಾರು ಚೀನೀ ಕೂಲಿಗಳು ಬೇಕಾಗಿದ್ದ ಕಾಲದಲ್ಲಿ, 1868ರ ಬರ್ಲಿಂಗೇಮ್ ಒಪ್ಪಂದ ಎರಡೂ ದೇಶಗಳ ಜನರ ಓಡಾಟವನ್ನು ಹಕ್ಕೆಂದು ಮಾನ್ಯ ಮಾಡಿತು. ಮರುವರ್ಷ ಮೇ ತಿಂಗಳಲ್ಲಿ ರೈಲುದಾರಿ ಮುಗಿಯಿತು. 1873ರಲ್ಲಿ ಆರ್ಥಿಕ ಕುಸಿತ ಬಂತು. ಕೆಲಸ ಕಳೆದುಕೊಂಡ ಬಿಳಿಯ ಕಾರ್ಮಿಕರು ಕ್ಯಾಲಿಫೋರ್ನಿಯದಲ್ಲಿ ಡೆನಿಸ್ ಕಿಯರ್ನಿಯ ನೇತೃತ್ವದಲ್ಲಿ ಚೀನೀಯರನ್ನು ಹೊರಹಾಕಬೇಕೆಂದು ಪಕ್ಷ ಕಟ್ಟಿದರು. 1882ರಲ್ಲಿ ಚೀನೀ ಬಹಿಷ್ಕಾರ ಕಾಯಿದೆ ಬಂತು. ಆ ಕಾಯಿದೆ ಚೀನೀಯರೆಲ್ಲರನ್ನೂ ತಡೆಯಲಿಲ್ಲ ಎಂಬುದನ್ನು ಗಮನಿಸಬೇಕು. ವ್ಯಾಪಾರಿಗಳಿಗೆ, ಅಧ್ಯಾಪಕರಿಗೆ, ವಿದ್ಯಾರ್ಥಿಗಳಿಗೆ ಬಾಗಿಲು ತೆರೆದೇ ಇತ್ತು. ಮುಚ್ಚಿದ್ದು ಮೈಮುರಿದು ದುಡಿಯುವವರಿಗೆ. ಅದರ ಮಾತು ಜನಾಂಗದ್ದು, ಅದರ ಗೆರೆ ವರ್ಗದ್ದು. ಆ ಕಾಯಿದೆ ರದ್ದಾಗಲು 1943 ಬರಬೇಕಾಯಿತು.

ತೂಬು ಇನ್ನೂ ಸ್ಪಷ್ಟವಾಗಿ ಕಾಣುವುದು 1924ರ ವಲಸೆ ಕಾಯಿದೆಯಲ್ಲಿ. ದಕ್ಷಿಣ ಮತ್ತು ಪೂರ್ವ ಯೂರೋಪಿನವರಿಗೆ ಅತಿ ಸಣ್ಣ ಪಾಲು ನಿಗದಿಮಾಡಿ, ಏಷ್ಯದವರನ್ನು ಬಹುತೇಕ ಪೂರ್ತಿಯಾಗಿ ಹೊರಗಿಟ್ಟ ಕಾಯಿದೆ ಅದು. ಜನಾಂಗೀಯ ಶುದ್ಧತೆಯ ಹೆಸರಿನಲ್ಲಿ ಅದನ್ನು ಸಮರ್ಥಿಸಿದವರು ಮೆಕ್ಸಿಕೋದವರನ್ನೇನೂ ಸಮಾನರೆಂದು ಕಾಣುತ್ತಿರಲಿಲ್ಲ. ಆದರೂ ಪಶ್ಚಿಮಾರ್ಧ ಗೋಳದ ದೇಶಗಳಿಗೆ ಆ ಪಾಲು-ಪದ್ಧತಿ ಅನ್ವಯಿಸಲಿಲ್ಲ. ಇದರ ಹಿಂದೆ ವಿದೇಶಾಂಗ ನೀತಿಯ ಲೆಕ್ಕವೂ ಇತ್ತು. ಜೊತೆಗೆ ಟೆಕ್ಸಸ್, ಅರಿಜೋನ, ಕ್ಯಾಲಿಫೋರ್ನಿಯಗಳ ದೊಡ್ಡ ಹಿಡುವಳಿದಾರರು ಮೆಕ್ಸಿಕೋದ ಕೂಲಿಗಳಿಲ್ಲದೆ ಹತ್ತಿ, ಸಕ್ಕರೆ ಬೀಟ್, ದ್ರಾಕ್ಷಿ ಎತ್ತಲಾಗದೆಂದು ಪಟ್ಟು ಹಿಡಿದಿದ್ದರು. ಅದೇ 1924ರಲ್ಲಿ ಗಡಿ ಕಾವಲುಪಡೆ ಹುಟ್ಟಿತು. 1929ರಲ್ಲಿ ತಪಾಸಣೆಯಿಲ್ಲದೆ ಗಡಿ ದಾಟುವುದು ಅಪರಾಧವಾಯಿತು. ಬರುವವರಿಗೆ ಸಂಖ್ಯೆಯ ಮಿತಿಯಿಲ್ಲ, ಬಂದವರ ತಲೆಯ ಮೇಲೆ ಮಾತ್ರ ಕತ್ತಿ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಆ ಕತ್ತಿ ಬಿತ್ತು. ಲಕ್ಷಗಟ್ಟಲೆ ಮೆಕ್ಸಿಕನ್ ಮೂಲದವರನ್ನು ರೈಲು ಹತ್ತಿಸಿ ಕಳಿಸಿದರು. ಅವರಲ್ಲಿ ಅನೇಕರು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಅದಕ್ಕಾಗಿ ಕ್ಯಾಲಿಫೋರ್ನಿಯ ರಾಜ್ಯ ಕಾನೂನಿನ ಮೂಲಕ ಕ್ಷಮೆ ಕೇಳಿದ್ದು 2005ರಲ್ಲಿ.

ಯುದ್ಧ ಬಂದು ಕೈಗಳು ಮತ್ತೆ ಬೇಕಾದಾಗ 1942ರ ಆಗಸ್ಟಿನಲ್ಲಿ ಅಮೆರಿಕ ಮತ್ತು ಮೆಕ್ಸಿಕೋ ಸರ್ಕಾರಗಳು ಬ್ರಾಸೆರೊ ಒಪ್ಪಂದ ಮಾಡಿಕೊಂಡವು. ಸ್ಪ್ಯಾನಿಷಿನಲ್ಲಿ ಬ್ರಾಸೊ ಎಂದರೆ ತೋಳು. ಬ್ರಾಸೆರೊ ರಟ್ಟೆಯ ಬಲದಿಂದ ದುಡಿಯುವವನು. ಆ ಹೆಸರು ಯೋಜನೆಯ ಒಳಗುಟ್ಟನ್ನೇ ಹೇಳುತ್ತದೆ: ಬೇಕಾಗಿದ್ದದ್ದು ರಟ್ಟೆ, ಮನುಷ್ಯನಲ್ಲ. 1964ರವರೆಗೆ ಸುಮಾರು 45 ಲಕ್ಷ ಗುತ್ತಿಗೆಗಳಾದವು. ಕಾಗದದ ಮೇಲೆ ಕನಿಷ್ಠ ಕೂಲಿ, ವಸತಿ, ಊಟ, ಮರಳುವ ಪ್ರಯಾಣದ ಖರ್ಚು ಎಲ್ಲವೂ ಇತ್ತು. ಗುತ್ತಿಗೆಯಲ್ಲಿ ಹೆಸರಿಸಿದ ಧಣಿಯನ್ನು ಬಿಟ್ಟರೆ ಮಾತ್ರ ಗಡೀಪಾರು. ಮೊದಲ ವರ್ಷಗಳಲ್ಲಿ ಕೂಲಿಯ ಹತ್ತನೇ ಒಂದು ಪಾಲನ್ನು ಉಳಿತಾಯದ ಹೆಸರಿನಲ್ಲಿ ಹಿಡಿದುಕೊಂಡರು. ಊರಿಗೆ ಮರಳಿದ ಮೇಲೆ ಅದು ಬಹಳ ಮಂದಿಯ ಕೈಸೇರಲೇ ಇಲ್ಲ. 1963ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಚ್ಯುವಲಾರ್ ಬಳಿ, ಲಾರಿಯನ್ನೇ ಬಸ್ಸಾಗಿ ಮಾರ್ಪಡಿಸಿದ ವಾಹನಕ್ಕೆ ರೈಲು ಬಡಿದು 32 ಬ್ರಾಸೆರೊಗಳು ಸತ್ತರು. ಕೂಲಿ ಕೊಡದವನನ್ನು, ಮುರುಕು ವಾಹನದಲ್ಲಿ ತುಂಬಿ ಕಳಿಸುವವನನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ಆಳಿಗಿದ್ದಿದ್ದರೆ ಧಣಿ ತಾನಾಗಿ ತಿದ್ದಿಕೊಳ್ಳಬೇಕಾಗುತ್ತಿತ್ತು. ಒಪ್ಪಂದ ಕಿತ್ತುಕೊಂಡದ್ದು ಆ ಒಂದು ಸ್ವಾತಂತ್ರ್ಯವನ್ನು, ಅದರೊಂದಿಗೆ ಉಳಿದ ಷರತ್ತುಗಳ ಜೀವವನ್ನೂ.

ಈ ವ್ಯವಸ್ಥೆಯ ನೀರಗಂಟಿ ಯಾರು ಎಂದು ತಿಳಿಯಲು ಎರಡು ಸಂಗತಿ ಸಾಕು. 1952ರಲ್ಲಿ ಅಮೆರಿಕದ ಸಂಸತ್ತು ದಾಖಲೆಯಿಲ್ಲದವರಿಗೆ ಆಶ್ರಯ ಕೊಡುವುದನ್ನು ದೊಡ್ಡ ಅಪರಾಧವೆಂದು ಸಾರಿತು. ಅದೇ ಕಾನೂನಿನಲ್ಲಿ, ಅಂಥವರಿಗೆ ಕೆಲಸ ಕೊಡುವುದು ಆಶ್ರಯ ಕೊಟ್ಟಂತಲ್ಲ ಎಂಬ ಒಂದು ಸಾಲನ್ನೂ ಸೇರಿಸಿತು. ಇದನ್ನು ಟೆಕ್ಸಸ್ ವಿನಾಯಿತಿ ಎಂದೇ ಕರೆಯುತ್ತಾರೆ. ಎರಡು ವರ್ಷಗಳ ನಂತರ, 1954ರಲ್ಲಿ, ನದಿ ಈಜಿ ಬಂದವರನ್ನು ಹೀಯಾಳಿಸುವ ಹೆಸರಿಟ್ಟುಕೊಂಡು ಭಾರಿ ಗಡೀಪಾರು ಕಾರ್ಯಾಚರಣೆ ನಡೆಯಿತು. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಹೊರಹಾಕಿದ್ದೇವೆಂದು ಇಲಾಖೆ ಹೇಳಿಕೊಂಡಿತು. ಆ ಅಂಕಿ ಉತ್ಪ್ರೇಕ್ಷೆಯೆಂದು ಇತಿಹಾಸಕಾರರು ತೋರಿಸಿದ್ದಾರೆ. ಅದೇ ಹೊತ್ತಿನಲ್ಲಿ ಬ್ರಾಸೆರೊ ಗುತ್ತಿಗೆಗಳ ಸಂಖ್ಯೆ 1953ರ ಸುಮಾರು 2 ಲಕ್ಷದಿಂದ 1956ರ ಸುಮಾರು 4.45 ಲಕ್ಷಕ್ಕೆ ಏರಿತು. ಹೊಲದಲ್ಲಿ ಹಿಡಿದವರನ್ನು ಗಡಿಗೆ ಕರೆದೊಯ್ದು, ಕಾಗದ ಮಾಡಿ, ಮತ್ತೆ ಹೊಲಕ್ಕೆ ತಂದು ಬಿಟ್ಟ ನಿದರ್ಶನಗಳೂ ಇವೆ. ವಲಸೆ ಇಲಾಖೆಯ ಕಡತಗಳನ್ನು ಅಗೆದು ತೆಗೆದ ಕಿಟ್ಟಿ ಕಲವಿಟಾ, ಹಿಡುವಳಿದಾರರಿಗೆ ಬೇಕಾದ ಆಳುಗಳನ್ನು ಒದಗಿಸಿಕೊಟ್ಟು ಅವರನ್ನು ತನ್ನ ಹತೋಟಿಯ ಯೋಜನೆಗೆ ಒಗ್ಗಿಸುವುದೇ ಇಲಾಖೆಯ ನಡೆಯಾಗಿತ್ತೆಂದು 1992ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ದಾಳಿಯ ನಂತರವೂ ಜನ ಅಲ್ಲೇ ದುಡಿದರು. ಬದಲಾದದ್ದು ಅವರನ್ನು ಕಟ್ಟಿದ ಹಗ್ಗ.

ಒಪ್ಪಂದ 1964ರ ಕೊನೆಗೆ ನಿಂತಿತು. ಮರುವರ್ಷ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯದ ಡೆಲಾನೊದ ದ್ರಾಕ್ಷಿತೋಟಗಳಲ್ಲಿ ಫಿಲಿಪಿನೋ ಕಾರ್ಮಿಕರು ಮುಷ್ಕರ ಹೂಡಿದರು, ಕಾರ್ಮಿಕ ನಾಯಕ ಸೀಸರ್ ಚಾವೆಸ್ ಅವರ ಸಂಘ ಕೈಜೋಡಿಸಿತು, 1970ರಲ್ಲಿ ತೋಟದ ಮಾಲೀಕರು ಸಹಿ ಹಾಕಿದರು. ಗಡೀಪಾರಿನ ಭಯದ ಆಳುಗಳನ್ನು ತಂದು ಮುಷ್ಕರ ಒಡೆಯುವ ಸುಲಭದ ಹಾದಿ ಮುಚ್ಚಿದ್ದು ಈ ಜಯಕ್ಕೆ ಒಂದು ಕಾರಣ. ಆದರೆ 1965ರ ಹೊಸ ಕಾಯಿದೆ ಪಶ್ಚಿಮಾರ್ಧ ಗೋಳಕ್ಕೂ ಮೊದಲ ಬಾರಿಗೆ 1,20,000ದ ಮಿತಿ ಹಾಕಿತ್ತು. ಕೂಲಿಯ ಬೇಡಿಕೆ ಹಾಗೆಯೇ ಇತ್ತು, ಕಾನೂನಿನ ದಾರಿ ಮಾತ್ರ ಕಿರಿದಾಯಿತು. ಅದೇ ಜನ ಅದೇ ಹೊಲಗಳಿಗೆ ಈಗ ಕಾಗದವಿಲ್ಲದೆ ಬಂದರು. 1986ರಲ್ಲಿ ಸುಮಾರು 27 ಲಕ್ಷ ಜನರಿಗೆ ಕಾನೂನಿನ ನೆಲೆ ಕೊಟ್ಟ ಕಾಯಿದೆ, ಗೊತ್ತಿದ್ದೂ ದಾಖಲೆಯಿಲ್ಲದವರಿಗೆ ಕೆಲಸ ಕೊಟ್ಟ ಮಾಲೀಕರಿಗೆ ದಂಡ ಎಂದೂ ಹೇಳಿತು. ಆ ದಂಡದ ಗತಿ ಏನಾಯಿತು? 1999ರಲ್ಲಿ ದೇಶಾದ್ಯಂತ 417 ಮಾಲೀಕರಿಗೆ ನೋಟಿಸು ಹೋಗಿತ್ತು, 2004ರಲ್ಲಿ ಮೂವರಿಗೆ. ಆ ಅವಧಿಯಲ್ಲಿ ಗಡಿ ಕಾವಲುಗಾರರ ಸಂಖ್ಯೆ ಏರುತ್ತಲೇ ಇತ್ತು. 2002ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಗಂಟು ಬಿಗಿಯಿತು: ಸಂಘ ಕಟ್ಟಲು ಹೊರಟನೆಂದು ಕಾನೂನುಬಾಹಿರವಾಗಿ ಕೆಲಸದಿಂದ ತೆಗೆದರೂ, ದಾಖಲೆಯಿಲ್ಲದ ಕಾರ್ಮಿಕನಿಗೆ ಹಿಂಬಾಕಿ ಸಂಬಳ ಸಿಗದು ಎಂದು ಹಾಫ್‌ಮನ್ ಪ್ಲಾಸ್ಟಿಕ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳು ನಾಲ್ವರ ವಿರುದ್ಧ ತೀರ್ಪಿತ್ತರು. ಕಾಗದವಿಲ್ಲದವನ ಬಾಯಿ ಹೀಗೆ ಮುಚ್ಚಿದರೆ, ಕಾಗದವಿರುವವನ ಕಾಲು ಕಟ್ಟಿದ್ದು ಎಚ್-2ಎ ವೀಸಾ. ಒಬ್ಬ ಧಣಿಯ ಹೆಸರಿಗೆ ಅಂಟಿದ, ಸಂಖ್ಯೆಯ ಮಿತಿಯಿಲ್ಲದ ಈ ಕೃಷಿ ವೀಸಾಕ್ಕೆ 2005ರಲ್ಲಿ ಒಪ್ಪಿಗೆಯಾದ ಹುದ್ದೆಗಳು 48 ಸಾವಿರ, 2023ರಲ್ಲಿ 3.78 ಲಕ್ಷ. ಗೋಡೆಯ ಮಾತು ಜೋರಾಗಿದ್ದ ವರ್ಷಗಳಲ್ಲೇ ತೂಬು ಇಷ್ಟು ಅಗಲವಾಗಿ ತೆರೆದುಕೊಂಡಿತು.

ನಮ್ಮ ಕರಾವಳಿಗೆ ಇದು ದೂರದ ಕಥೆಯಲ್ಲ. 1973ರ ತೈಲಬೆಲೆ ಏರಿಕೆಯ ನಂತರ ದಕ್ಷಿಣ ಕನ್ನಡ, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ಒಲೆ ಉರಿದದ್ದು ಗಲ್ಫಿನ ಸಂಬಳದಿಂದ. ಆ ದೇಶಗಳಲ್ಲಿ ದುಡಿಮೆಯನ್ನು ಆಳಿದ್ದು ಕಫಾಲಾ ಪದ್ಧತಿ. ಕೆಲಸಗಾರ ದೇಶದಲ್ಲಿ ಇರುವ ಹಕ್ಕಿಗೆ ಕಫೀಲ್ ಎನ್ನಿಸಿಕೊಳ್ಳುವ ಪ್ರಾಯೋಜಕನೇ ಜಾಮೀನು. ಅವನು ಕೈಬಿಟ್ಟರೆ ಇರವೇ ಅಕ್ರಮ. ಇಲ್ಲಿ ನಮ್ಮ ವಾದವನ್ನು ಒರೆಗೆ ಹಚ್ಚಬಲ್ಲ ಒಂದು ಸಾಕ್ಷ್ಯ ಸಿಗುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಗುತ್ತಿಗೆ ಮುಗಿದವನು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಬೇರೆ ಕೆಲಸ ಹಿಡಿಯುವಂತಿರಲಿಲ್ಲ. ಹಾಗೆ ಬಿಟ್ಟರೆ ದೇಶ ತೊರೆದು ಆರು ತಿಂಗಳು ಹೊರಗಿರಬೇಕಿತ್ತು. 2011ರ ಜನವರಿಯಿಂದ ಆ ಪತ್ರದ ಅಗತ್ಯ ತಪ್ಪಿತು. ಸುರೇಶ್ ನಾಯ್ಡು, ಯಾ ನ್ಯಾರ್ಕೊ, ಶಿಂಗ್-ಯಿ ವಾಂಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಸಂಬಳದ ದಾಖಲೆಗಳನ್ನು ಹಿಡಿದು ಲೆಕ್ಕ ಹಾಕಿದಾಗ, ಗುತ್ತಿಗೆ ಮುಗಿದ ಕೆಲಸಗಾರರ ಗಳಿಕೆ ಶೇ. 10ಕ್ಕೂ ಹೆಚ್ಚು ಏರಿದ್ದು ಕಂಡಿತು. ಅವರಲ್ಲಿ ಹೆಚ್ಚಿನವರು ಹಳೆಯ ಸಂಸ್ಥೆಯಲ್ಲೇ ಉಳಿದರು. ಹೊರಡಬಲ್ಲರು ಎಂಬ ಸಾಧ್ಯತೆಯೇ ಸಂಬಳ ಏರಿಸಿತು. ಅವರ ಕೆಲಸ, ಕೌಶಲ ಯಾವುದೂ ಬದಲಾಗಿರಲಿಲ್ಲ. ಒಂದು ಕಾಗದದ ಷರತ್ತು ಬದಲಾಗಿತ್ತು. ಅದೇ ಅಧ್ಯಯನದ ಇನ್ನೊಂದು ಫಲಿತವನ್ನೂ ಮುಚ್ಚಿಡಬಾರದು: ಹೊಸಬರನ್ನು ಕರೆಸಿಕೊಳ್ಳುವ ಉತ್ಸಾಹ ಮಾಲೀಕರಲ್ಲಿ ಸ್ವಲ್ಪ ತಗ್ಗಿತು, ಅವರ ಆರಂಭದ ಗಳಿಕೆಯೂ ಇಳಿಯಿತು. ಇದಕ್ಕೆ ಮುಂದೆ ಬರುತ್ತೇನೆ.

ಹಗ್ಗ ಸಡಿಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಜರ್ಮನಿ ಉದಾಹರಣೆ. ತುರ್ಕಿಯ ಮೊದಲ ಒಪ್ಪಂದದಲ್ಲಿ ಎರಡು ವರ್ಷಕ್ಕೆ ಮರಳಬೇಕೆಂಬ ನಿಯಮವಿತ್ತು. ಕಲಿತ ಆಳನ್ನು ಕಳಿಸಿ ಹೊಸಬನಿಗೆ ಮೊದಲಿನಿಂದ ಕಲಿಸುವುದು ನಷ್ಟವೆಂದು ಕಾರ್ಖಾನೆಗಳೇ ಹೇಳಿದ್ದರಿಂದ 1964ರಲ್ಲಿ ಅದು ಹೋಯಿತು. 1955ರಿಂದ 1973ರವರೆಗೆ ಸುಮಾರು 1.4 ಕೋಟಿ ಜನ ಬಂದರು, 1.1 ಕೋಟಿ ಜನ ಯಾರ ಒತ್ತಾಯವೂ ಇಲ್ಲದೆ ಅಥವಾ ಗುತ್ತಿಗೆ ಮುಗಿದು ಮರಳಿದರು. 1973ರ ನವೆಂಬರಿನಲ್ಲಿ ತೈಲ ಬಿಕ್ಕಟ್ಟಿನ ನಡುವೆ ನೇಮಕಾತಿ ನಿಲ್ಲಿಸಿದಾಗ, ಒಮ್ಮೆ ಹೋದರೆ ಮತ್ತೆ ಬರಲಾಗದೆಂದು ತಿಳಿದ ಉಳಿದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡು ನೆಲೆನಿಂತರು. ಬಾಗಿಲು ಹಾಕಿದ್ದೇ ಬೇರೂರಲು ಕಾರಣವಾಯಿತು. ಮೆಕ್ಸಿಕೋ ಗಡಿಯಲ್ಲೂ ಹೀಗೇ ಆಯಿತೆಂದು ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ದಶಕಗಳ ಸಮೀಕ್ಷೆಯಿಂದ ತೋರಿಸಿದ್ದಾರೆ: ಕಾವಲು ಬಿಗಿಯಾದಷ್ಟೂ, ಹಂಗಾಮಿಗೆ ಬಂದು ಹೋಗುತ್ತಿದ್ದವರು ಹೋಗುವುದನ್ನು ಬಿಟ್ಟರು.

ಬೆಂಗಳೂರಿಗೆ ಹತ್ತಿರದ ತೂಬೆಂದರೆ ಪರಿಣತ ಉದ್ಯೋಗಿಗಳಿಗೆ ಅಮೆರಿಕ ಕೊಡುವ ಎಚ್-1ಬಿ ವೀಸಾ. 1990ರ ಕಾಯಿದೆ ವರ್ಷಕ್ಕೆ 65,000 ಎಂದು ಮಿತಿ ಹಾಕಿತ್ತು. 2000ನೇ ಇಸವಿಯ ಗಣಕ ಸಮಸ್ಯೆ, ಅಂತರ್ಜಾಲ ಕಂಪನಿಗಳ ಭರಾಟೆ ಬಂದಾಗ ಅದು 1,15,000ಕ್ಕೆ, 2001ರಿಂದ 2003ರವರೆಗೆ 1,95,000ಕ್ಕೆ ಏರಿತು. ಭರಾಟೆ ಇಳಿದಮೇಲೆ 2004ರಲ್ಲಿ ಮತ್ತೆ 65,000. ನಂತರ ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ 20,000 ಸೇರಿತು. 2025ರ ಸೆಪ್ಟೆಂಬರಿನಲ್ಲಿ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. 2000ದ ಕಾನೂನು ಇವರಿಗೆ ಕಂಪನಿ ಬದಲಿಸುವ ಅವಕಾಶ ಕೊಟ್ಟಿತೆಂಬುದು ನಿಜ. ಹೊಲದ ಆಳಿಗಿಂತ ಇವರ ಸ್ಥಿತಿ ಎಷ್ಟೋ ಮೇಲು. ಆದರೂ ಕೆಲಸ ಹೋದರೆ ಸಿಗುವುದು 60 ದಿನ. ಒಂದು ದೇಶಕ್ಕೆ ಶೇ. 7 ಎಂಬ ಮಿತಿಯಿಂದ ಭಾರತೀಯರ ಗ್ರೀನ್ ಕಾರ್ಡ್ ಸರದಿ ದಶಕಗಳಷ್ಟು ಉದ್ದವಾಗಿದೆ. ಸರದಿಯಲ್ಲಿ ನಿಂತಷ್ಟು ಕಾಲ ಸಂಬಳ ಕೇಳುವ ದನಿ ತಗ್ಗಿರುತ್ತದೆ. ಕೌಶಲ ಎಷ್ಟೇ ಇದ್ದರೂ ಇರವಿನ ಹಕ್ಕು ಇನ್ನೊಬ್ಬರ ಅರ್ಜಿಯ ಮೇಲೆ ನಿಂತಿದ್ದರೆ ದುಡಿಯುವವನ ಬೆನ್ನು ಸ್ವಲ್ಪವಾದರೂ ಬಾಗಲೇಬೇಕು.

ಈ ವಾದಕ್ಕೆ ಬರಬಹುದಾದ ಮೊದಲ ಆಕ್ಷೇಪ ತೂಕದ್ದು: ವಲಸೆ ಕಾನೂನುಗಳನ್ನು ನಡೆಸಿದ್ದು ಜನಾಂಗ ದ್ವೇಷ, ಧರ್ಮದ ಭಯ, ಮತದಾರರ ಭಾವನೆ, ಎಲ್ಲವನ್ನೂ ಕೂಲಿಯ ಲೆಕ್ಕಕ್ಕೆ ಇಳಿಸುವುದು ಸರಿಯೆ? ಸರಿಯಲ್ಲ, ನಾನು ಇಳಿಸುತ್ತಲೂ ಇಲ್ಲ. ಚೀನೀ ಬಹಿಷ್ಕಾರ ದ್ವೇಷದ ಕಾನೂನೇ. ಅದಕ್ಕೆ ಒತ್ತಾಯಿಸಿದವರಲ್ಲಿ ಕಾರ್ಮಿಕ ಸಂಘಗಳೂ ಇದ್ದವು. ಆದರೆ ದ್ವೇಷ ನಿರಂತರವಾಗಿದ್ದರೂ ಕಾನೂನು ಏಳುಬೀಳು ಕಂಡಿತೇಕೆ? 1868ರಲ್ಲೂ ದ್ವೇಷವಿತ್ತು, ರೈಲುದಾರಿ ಕಟ್ಟುವ ಕೆಲಸವೂ ಇತ್ತು. 1924ರಲ್ಲಿ ಮೆಕ್ಸಿಕೋದವರ ಬಗ್ಗೆ ತಿರಸ್ಕಾರವಿತ್ತು, ಹತ್ತಿ ಬಿಡಿಸುವ ಕೆಲಸವೂ ಇತ್ತು. ಯಾರನ್ನು ಕೀಳೆಂದು ಕಾಣಬೇಕು ಎಂಬುದನ್ನು ಸಮಾಜದ ಪೂರ್ವಗ್ರಹ ಹೇಳಿಕೊಟ್ಟಿತು. ಆ ಕೀಳೆಣಿಕೆ ಯಾವಾಗ ಗಡೀಪಾರಾಗಬೇಕು, ಯಾವಾಗ ಅಗ್ಗದ ಗುತ್ತಿಗೆಯಾಗಬೇಕು ಎಂಬುದನ್ನು ದುಡಿಮೆಯ ಮಾರುಕಟ್ಟೆ ಹೇಳಿತು. ಎರಡೂ ಒಂದಕ್ಕೊಂದು ಆಸರೆ.

ಎರಡನೆಯ ಆಕ್ಷೇಪ ಕಾರ್ಮಿಕರ ಪರವಾದದ್ದು: ಹೊರಗಿನವರು ಬಂದರೆ ಊರಿನ ಬಡವರ ಕೂಲಿ ಇಳಿಯುತ್ತದೆ, ಆದ್ದರಿಂದ ಗಡಿ ಬಿಗಿಯೇ ಬಡವರ ರಕ್ಷಣೆ. ಈ ಆತಂಕ ಪ್ರಾಮಾಣಿಕವಾದದ್ದು, ಅದಕ್ಕೆ ಸಾಕ್ಷ್ಯದಿಂದಲೇ ಉತ್ತರಿಸಬೇಕು. 1980ರಲ್ಲಿ ಕ್ಯೂಬಾದಿಂದ ಸುಮಾರು 1.25 ಲಕ್ಷ ಜನ ಕೆಲವೇ ತಿಂಗಳಲ್ಲಿ ಹಡಗು ಹತ್ತಿ ಬಂದರು. ಬಹಳ ಮಂದಿ ನೆಲೆಸಿದ ಮಯಾಮಿ ನಗರದಲ್ಲಿ ಕೂಲಿ ಕುಸಿಯಲಿಲ್ಲವೆಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಪ್ರೌಢಶಾಲೆ ಮುಗಿಸದವರ ಕೂಲಿ ಇಳಿಯಿತೆಂದು ಜಾರ್ಜ್ ಬೋರ್ಹಾಸ್ 2017ರಲ್ಲಿ ಎದುರು ವಾದ ಮಂಡಿಸಿದರು. ಆ ವಿವಾದ ಮುಗಿದಿಲ್ಲ. ಆದರೆ ನಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ಬ್ರಾಸೆರೊ ಒಪ್ಪಂದ ನಿಂತ ಮೇಲಿನ ಅನುಭವ. ಲಕ್ಷಾಂತರ ಆಳುಗಳು ಒಮ್ಮೆಲೇ ಇಲ್ಲವಾದರೂ, ಅವರನ್ನು ಹೆಚ್ಚು ಬಳಸಿದ್ದ ರಾಜ್ಯಗಳಲ್ಲಿ ಕೃಷಿ ಕೂಲಿ ಉಳಿದ ರಾಜ್ಯಗಳಿಗಿಂತ ವೇಗವಾಗಿ ಏರಲಿಲ್ಲವೆಂದು ಮೈಕೇಲ್ ಕ್ಲೆಮೆನ್ಸ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದರು. ಹಿಡುವಳಿದಾರರು ಯಂತ್ರಕ್ಕೆ ತಿರುಗಿದರು. ಡೇವಿಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿದ್ದ ಟೊಮೆಟೊ ಕೊಯ್ಲು ಯಂತ್ರ ಕೆಲವೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯದ ಹೊಲಗಳನ್ನು ಆವರಿಸಿತು. ಕೂಲಿ ಗೆದ್ದದ್ದು ಡೆಲಾನೊದಂಥ ಕಡೆ, ಕೆಲಸಗಾರರು ಸಂಘಟಿತರಾದಾಗ. ಹೊರಗಿನವನ ಹಾಜರಿಗಿಂತ ಅವನ ಅಸಹಾಯಕತೆ ಊರಿನವನಿಗೆ ಹೆಚ್ಚು ಅಪಾಯಕಾರಿ. ದೂರು ಕೊಡಲಾಗದ ಒಬ್ಬನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ದೂರು ಕೊಡಬಲ್ಲವನ ದನಿಯೂ ಕುಗ್ಗುತ್ತದೆ.

ಮೂರನೆಯದು ಮಾಲೀಕರ ವಾದ: ಖರ್ಚು ಮಾಡಿ ಕರೆಸಿಕೊಂಡ ಆಳನ್ನು ಇನ್ನೊಬ್ಬ ಸೆಳೆದುಕೊಂಡರೆ ಯಾರು ತಾನೆ ಕರೆಸುತ್ತಾರೆ? ಎಮಿರೇಟ್ಸ್‌ನ ಅಧ್ಯಯನದಲ್ಲಿ ಹೊಸ ನೇಮಕಾತಿ ತಗ್ಗಿದ್ದು ಈ ಮಾತಿನಲ್ಲಿ ಹುರುಳಿದೆ ಎನ್ನುತ್ತದೆ. ಕೆಲವರಿಗೆ ಅವಕಾಶ ತಪ್ಪಬಹುದು, ಹೋದವರಿಗೆ ಬಲ ಹೆಚ್ಚಬಹುದು. ಈ ಕೊಡುಕೊಳ್ಳುವಿಕೆ ನಿಜವಾದದ್ದು. ಆದರೆ ಗಲ್ಫಿಗೆ ಹೋಗುವ ಬಡವರ ವಿಷಯದಲ್ಲಿ ಏಜೆಂಟನಿಗೆ ಕೊಡುವ ಹಣವನ್ನು ಬಹುಪಾಲು ತೆರುವುದು ಆಳೇ, ಅದೂ ಸಾಲ ಮಾಡಿ. ಮಾಲೀಕ ಹೂಡದ ಹಣಕ್ಕೆ ಮಾಲೀಕನಿಗೆ ಜಾಮೀನು ಕೊಡುವುದು ಯಾವ ನ್ಯಾಯ? ನಿಜವಾಗಿ ಹೂಡಿದವರಿಗೆ ಹೊಸ ಮಾಲೀಕನಿಂದ ತಕ್ಕ ಪರಿಹಾರ ಕೊಡಿಸುವ ನಿಯಮ ಮಾಡಬಹುದು. ಅದಕ್ಕಾಗಿ ಮನುಷ್ಯನನ್ನೇ ಒತ್ತೆಯಿಡಬೇಕಿಲ್ಲ. ದೇಶಕ್ಕೆ ತನ್ನ ಗಡಿ ಕಾಯುವ ಹಕ್ಕಿಲ್ಲವೆ ಎಂದೂ ಕೇಳಬಹುದು. ಇದೆ. ಎಷ್ಟು ಜನ ಬರಬೇಕೆಂದು ಪ್ರಜೆಗಳು ತೀರ್ಮಾನಿಸಲಿ. ಬಂದವನ ಇರವನ್ನು ಒಬ್ಬ ಖಾಸಗಿ ಧಣಿಯ ಕೈಗೆ ಒಪ್ಪಿಸುವುದು ಗಡಿ ಕಾಯುವ ಕೆಲಸವಲ್ಲ; ಅದು ರಾಜ್ಯದ ದಂಡವನ್ನು ಧಣಿಗೆ ಬಾಡಿಗೆ ಕೊಟ್ಟಂತೆ.

ಕಳಿಸುವ ದೇಶವೂ ಈ ವ್ಯವಸ್ಥೆಯ ಪಾಲುದಾರ. 2023ರಲ್ಲಿ ಭಾರತಕ್ಕೆ ಹೊರನಾಡಿನ ದುಡಿಮೆಯಿಂದ ಬಂದದ್ದು ಸುಮಾರು 12,000 ಕೋಟಿ ಡಾಲರ್. ಆ ಹಣವನ್ನು ಎಣಿಸುವ ನಾವು ದುಡಿದವರ ಹಕ್ಕಿಗಾಗಿ ಮಾತುಕತೆಯ ಮೇಜಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದ್ದೇವೆ ಎಂದು ಕೇಳಿಕೊಳ್ಳಬೇಕು. ನಮ್ಮ ಮನೆಯೊಳಗಿನ ತೂಬನ್ನೂ ನೋಡಬೇಕು. 2020ರ ಮೇ 5ರಂದು, ಲಾಕ್‌ಡೌನಿನ ನಡುವೆ ಊರಿಗೆ ಹೊರಟಿದ್ದ ಉತ್ತರ ಭಾರತದ ಕಟ್ಟಡ ಕಾರ್ಮಿಕರ ವಿಶೇಷ ರೈಲುಗಳನ್ನು ಕರ್ನಾಟಕ ಸರ್ಕಾರ ಹಿಂತೆಗೆದುಕೊಂಡಿತು. ಅದೇ ದಿನ ಮುಖ್ಯಮಂತ್ರಿಗಳು ಕಟ್ಟಡ ಉದ್ಯಮಿಗಳೊಂದಿಗೆ ಸಭೆ ನಡೆಸಿದ್ದರು. ದೇಶದಾದ್ಯಂತ ಟೀಕೆ ಎದ್ದು, ಕೆಲವೇ ದಿನಗಳಲ್ಲಿ ರೈಲುಗಳು ಮತ್ತೆ ಹೊರಟವು. ಅಲ್ಲಿ ಪಾಸ್‌ಪೋರ್ಟ್ ಇರಲಿಲ್ಲ, ವೀಸಾ ಇರಲಿಲ್ಲ, ಗಡಿ ಇರಲಿಲ್ಲ. ಸ್ವಂತ ದೇಶದ ನಾಗರಿಕರು. ಆದರೂ ಕೆಲಸ ನಿಂತೀತೆಂಬ ಚಿಂತೆ ಅವರ ಹೊರಡುವ ಹಕ್ಕಿಗಿಂತ ದೊಡ್ಡದಾಗಿ ಕಂಡಿತು.

ಹೊರಡುವ ಹಕ್ಕಿನ ಬೆಲೆಯನ್ನು ಅಳೆಯಲು ನಮಗೆ ಹೊರಗಿನ ಮಾನದಂಡ ಬೇಕಿಲ್ಲ. ಜೀತ ಎಂಬ ಮಾತು ನಮ್ಮಲ್ಲಿದೆ, ಅದನ್ನು ನಿಷೇಧಿಸಿದ 1976ರ ಕಾನೂನೂ ಇದೆ. ಪಡೆದ ಮುಂಗಡಕ್ಕೆ ಬದಲಾಗಿ ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯವನ್ನು ಅಥವಾ ದೇಶದೊಳಗೆ ಓಡಾಡುವ ಹಕ್ಕನ್ನು ಕಳೆದುಕೊಳ್ಳುವುದನ್ನು ಆ ಕಾನೂನು ಜೀತದ ಲಕ್ಷಣವಾಗಿ ಹೆಸರಿಸುತ್ತದೆ. ಸಂಬಳ ಸಿಗುತ್ತದೆ, ತಾನಾಗಿ ಒಪ್ಪಿ ಬಂದಿದ್ದಾನೆ ಎಂಬ ಸಮಜಾಯಿಷಿಯನ್ನು ಅದು ಕೇಳಿಸಿಕೊಳ್ಳುವುದಿಲ್ಲ. ವೀಸಾಕ್ಕೆ ಕಟ್ಟಿದ ದುಡಿಮೆಯೆಲ್ಲ ಜೀತವೆಂದು ನಾನು ಹೇಳುವುದಿಲ್ಲ. ಅದು ಜೀತ ಅನುಭವಿಸಿದವರ ನೋವನ್ನು ಹಗುರ ಮಾಡಿದಂತೆ. ಆದರೆ ಊರಿನ ಗೌಡನ ಹೊಲದಲ್ಲಿ ಯಾವುದನ್ನು ಅನ್ಯಾಯವೆಂದು ಗುರುತಿಸಿದೆವೋ ಅದನ್ನು ಸಮುದ್ರದಾಚೆ ಒಪ್ಪಂದದ ಭಾಷೆಯಲ್ಲಿ ಬರೆದಾಕ್ಷಣ ಗುರುತಿಸದಿರುವುದು ಸಲ್ಲದು. ಇನ್ನು ಮುಂದೆ ಯಾವ ವಲಸೆ ಒಪ್ಪಂದ, ಯಾವ ವೀಸಾ ಸುಧಾರಣೆ ಸುದ್ದಿಯಾದರೂ, ಸಂಖ್ಯೆಯನ್ನು ಓದಿದ ಮೇಲೆ ಇನ್ನೊಂದು ಸಾಲನ್ನು ಹುಡುಕಬೇಕೆಂದು ಇಲ್ಲಿರುವ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ: ಧಣಿಯನ್ನು ಬಿಟ್ಟರೆ ಇವನ ಗತಿ ಏನು? ತೂಬಿನಿಂದ ಹೊರಟ ನೀರಿಗೆ ಯಾವ ಗದ್ದೆಗೆ ಹರಿಯಬೇಕೆಂಬ ಆಯ್ಕೆ ಇಲ್ಲ. ಮನುಷ್ಯನಿಗೆ ಆ ಆಯ್ಕೆ ಇರಬೇಕು.